ಟಾಮ್‌ಗೆ ಏಟು ಬಿದ್ದದ್ದು ಯಾಕೆ ಅಂತ ಮೊದಲು ಕೇಳಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಪುಟದಲ್ಲಿ ಟಾಮ್ ಅಂಡ್ ಜೆರ್ರಿ ಬಗ್ಗೆ ಒಂದು ಪತ್ರ ಬಂದಿತ್ತು. 1961–62ರಲ್ಲಿ ಜೀನ್ ಡೈಚ್ ನಿರ್ದೇಶಿಸಿದ ಕಂತುಗಳು ಶುದ್ಧ ಕಸ, ಕಡಿಮೆ ದುಡ್ಡಿನಲ್ಲಿ ಮಾಡಿದ್ದಕ್ಕೇ ಹಾಗಾಯಿತು, ಟಿವಿಯವರು ಅವನ್ನು ತೋರಿಸುವುದನ್ನೇ ನಿಲ್ಲಿಸಬೇಕು ಅಂತ ಅದರಲ್ಲಿತ್ತು. ಪತ್ರ ಬರೆದವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅವು ಚೆನ್ನಾಗಿಲ್ಲ ಅನ್ನುವುದಕ್ಕೂ ನನ್ನ ತಕರಾರಿಲ್ಲ. ಆದರೆ ಕಾರಣ ತಪ್ಪು. ದುಡ್ಡಿನ ಮೇಲೆ ಎಲ್ಲ ಹೊರೆ ಹಾಕಿ ಕೈ ತೊಳೆದುಕೊಳ್ಳುವುದು ಬಹಳ ಸುಲಭ ಅಲ್ವಾ?

ನಾನು ಚಿಕ್ಕವನಿದ್ದಾಗ ಟಿವಿಯಲ್ಲಿ ಎಲ್ಲ ಕಾಲದ ಕಂತುಗಳನ್ನೂ ಒಟ್ಟಿಗೆ ಕಲಸಿ ಹಾಕುತ್ತಿದ್ದರು. ಯಾರು ಮಾಡಿದ್ದು, ಯಾವಾಗ ಮಾಡಿದ್ದು ಅಂತೆಲ್ಲ ಯಾರಿಗೆ ಗೊತ್ತು. ಆದರೂ ಕೆಲವು ಶುರುವಾದ ಕೂಡಲೇ ಹೊಟ್ಟೆಯಲ್ಲಿ ಏನೋ ಸಂಕಟ. ಬಾವಿಯೊಳಗಿಂದ ಬಂದ ಹಾಗೆ ಗುಂಯ್‌ಗುಡುವ ಸದ್ದು, ಯಾರದೋ ಗೊಣಗಾಟ, ಖಾಲಿ ಖಾಲಿ ಹಿನ್ನೆಲೆ. ನಗು ಬರುತ್ತಿರಲಿಲ್ಲ, ಹಾಗಂತ ಎದ್ದು ಹೋಗುವುದಕ್ಕೂ ಆಗುತ್ತಿರಲಿಲ್ಲ. ಎಷ್ಟೋ ವರ್ಷ ಆದ ಮೇಲೆ ಗೊತ್ತಾಯಿತು, ಅವೇ ಡೈಚ್ ಕಂತುಗಳು. ಒಟ್ಟು 13.

ಈಚೆಗೆ ನನ್ನ ಎಂಟು ವರ್ಷದ ಮಗಳ ಜೊತೆ ಅವನ್ನೆಲ್ಲ ಮತ್ತೆ ನೋಡಿದೆ. 'ಹೈ ಸ್ಟೇಕ್ಸ್' ಅಂತ ಒಂದಿದೆ. ಟಾಮ್‌ನ ಯಜಮಾನ ಒಬ್ಬ ದಪ್ಪ, ಬೋಳುತಲೆಯ ಮನುಷ್ಯ, ಹೊರಗೆ ಒಲೆ ಹಾಕಿ ಮಾಂಸ ಸುಡುತ್ತಿದ್ದಾನೆ. ಜೆರ್ರಿ ಬಂದು ಕಿತಾಪತಿ ಮಾಡುತ್ತದೆ. ಅದನ್ನು ಹಿಡಿಯಲು ಟಾಮ್ ಓಡುತ್ತದೆ, ತೊಂದರೆ ಆಗುವುದು ಯಜಮಾನನಿಗೆ. ಅವನ ಮುಖ ನಿಧಾನವಾಗಿ ಕೆಂಪಾಗುತ್ತದೆ, ಹಲ್ಲು ಕಡಿಯುತ್ತಾನೆ, ಆಮೇಲೆ ಟಾಮ್‌ನನ್ನು ಹಿಡಿದು ಹಿಂಸೆ ಕೊಡುತ್ತಾನೆ. ಸೋಡಾ ಬಾಟಲಿಯನ್ನು ಬಾಯಿಗೆ ತುರುಕುತ್ತಾನೆ. ಒಂದು ಸಲ ಅಲ್ಲ, ಬಿಟ್ಟು ಬಿಟ್ಟು ಮತ್ತೆ ಮತ್ತೆ ಇದೇ ಕಥೆ. ಮಗಳು ನಗಲಿಲ್ಲ. "ಪಾಪ, ಅದೇನು ಮಾಡ್ತು?" ಅಂದಳು.

ನನ್ನ ಪತ್ರ ಇರುವುದೇ ಈ ಪ್ರಶ್ನೆಯ ಬಗ್ಗೆ.

ವಿಲಿಯಂ ಹಾನಾ, ಜೋಸೆಫ್ ಬಾರ್ಬೆರಾ ಜೋಡಿ ಮೊದಲು ಮಾಡಿದ ಹಳೆಯ ಕಂತುಗಳಲ್ಲಿ ಟಾಮ್‌ಗೆ ಏಟು ಕಮ್ಮಿ ಬಿದ್ದಿದೆಯಾ? ಇಲ್ಲ. ಬಾಂಬು, ಸುತ್ತಿಗೆ, ಇಸ್ತ್ರಿಪೆಟ್ಟಿಗೆ, ಬಾಗಿಲಿಗೆ ಸಿಕ್ಕಿಕೊಂಡ ಬಾಲ, ಯಾವುದೂ ಬಾಕಿ ಇಲ್ಲ. ಆದರೆ ಅಲ್ಲಿ ಯಾವ ಮಗುವೂ "ಅದೇನು ಮಾಡ್ತು" ಅಂತ ಕೇಳುವುದಿಲ್ಲ, ಯಾಕೆಂದರೆ ಅದು ಏನು ಮಾಡಿತು ಅಂತ ಎಲ್ಲರೂ ನೋಡಿರುತ್ತಾರೆ. 1940ರ ಮೊಟ್ಟಮೊದಲ ಚಿತ್ರ 'ಪಸ್ ಗೆಟ್ಸ್ ದ ಬೂಟ್' ತೆಗೆದುಕೊಳ್ಳಿ. ಅದರಲ್ಲಿ ಬೆಕ್ಕಿನ ಹೆಸರು ಇನ್ನೂ ಟಾಮ್ ಅಲ್ಲ, ಜಾಸ್ಪರ್. ಶುರುವಿನಲ್ಲಿ ಅದು ಸುಮ್ನೆ ಮೋಜಿಗೆ ಇಲಿಯನ್ನು ಗೋಳುಹೊಯ್ದುಕೊಳ್ಳುತ್ತದೆ, ಬಾಲ ಹಿಡಿದು ಆಟ ಆಡಿಸುತ್ತದೆ. ಅದೇ ಗಲಾಟೆಯಲ್ಲಿ ಮನೆಯ ಸಾಮಾನೊಂದು ಒಡೆಯುತ್ತದೆ. ಇನ್ನೊಂದು ಒಡೆದರೆ ನಿನ್ನನ್ನು ಹೊರಗೆ ಹಾಕುತ್ತೇನೆ ಅಂತ ಕೆಲಸದಾಕೆ ಎಚ್ಚರಿಸುತ್ತಾಳೆ. ಇಲಿ ಅದನ್ನು ಕೇಳಿಸಿಕೊಳ್ಳುತ್ತದೆ. ಅಷ್ಟೇ, ಆಟ ತಿರುಗುತ್ತದೆ. ಇಲಿ ಮೇಜಿನ ಅಂಚಿಗೆ ಹೋಗಿ ಒಂದು ಗಾಜಿನ ಲೋಟವನ್ನು ಕೆಳಗೆ ಬಿಡುವ ಹಾಗೆ ಹಿಡಿಯುತ್ತದೆ. ಬೆಕ್ಕು ನಿಂತಲ್ಲೇ ಕಲ್ಲು. ಈಗ ಜಗತ್ತಿನ ಎಲ್ಲ ಬಲವೂ ಆ ಪುಟ್ಟ ಇಲಿಯ ಕೈಯಲ್ಲಿದೆ, ಯಾಕೆಂದರೆ ಬೀಳುವ ಒಂದೊಂದು ಪಾತ್ರೆಯನ್ನೂ ಬೆಕ್ಕು ಓಡಿ ಓಡಿ ಹಿಡಿಯಲೇಬೇಕು.

ನಿಯಮ ಗೊತ್ತು, ತಪ್ಪು ಗೊತ್ತು, ಆದ್ದರಿಂದ ನಗು ಹಗುರ. 1945ರ 'ಕ್ವೈಟ್ ಪ್ಲೀಸ್'ನಲ್ಲೂ ಇದೇ ಲೆಕ್ಕ. ನಾಯಿಗೆ ನಿದ್ದೆ ಬೇಕು, ಸದ್ದಾದರೆ ಟಾಮ್‌ಗೆ ಗತಿಯಿಲ್ಲ, ಸದ್ದು ಮಾಡುವುದೇ ಜೆರ್ರಿಯ ಕೆಲಸ. ಯಜಮಾನರು, ನಾಯಿಗಳು ಅಲ್ಲೂ ಟಾಮ್‌ಗೆ ಹೊಡೆಯುತ್ತಾರೆ. ಆದರೆ ಅವರು ಆಟದ ಅಂಪೈರ್ ಇದ್ದ ಹಾಗೆ. ಡೈಚ್ ಕಂತುಗಳಲ್ಲಿ ಅಂಪೈರೇ ಬ್ಯಾಟ್ ತಗೊಂಡು ಒಬ್ಬ ಆಟಗಾರನನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಜೆರ್ರಿ ಪಕ್ಕದಲ್ಲಿ ನಿಂತು ನೋಡುತ್ತದೆ. ಬೆಕ್ಕು ಇಲಿಯ ಜಗಳ ಹೋಗಿ ಮನುಷ್ಯ ಪ್ರಾಣಿಗೆ ಹೊಡೆಯುವ ಚಿತ್ರ ಆಯಿತು, ಅದನ್ನು ನೋಡಿ ಯಾರು ನಗುತ್ತಾರೆ ಹೇಳಿ. 'ಡೌನ್ ಅಂಡ್ ಔಟಿಂಗ್', 'ಸಾರಿ ಸಫಾರಿ' ಎರಡರಲ್ಲೂ ಅದೇ ಯಜಮಾನ, ಅದೇ ಕೆಂಪು ಮುಖ.

ಇನ್ನು ದುಡ್ಡಿನ ಮಾತು. ಈ ಕಾರ್ಟೂನುಗಳನ್ನು ಮಾಡಿಸುತ್ತಿದ್ದ ಹಾಲಿವುಡ್ ಸ್ಟುಡಿಯೊ ಎಂಜಿಎಂ 1957ರಲ್ಲಿ ತನ್ನ ಕಾರ್ಟೂನ್ ವಿಭಾಗವನ್ನೇ ಮುಚ್ಚಿತು. ಹಳೆಯ ಚಿತ್ರಗಳನ್ನು ಮತ್ತೆ ಥಿಯೇಟರಿಗೆ ಬಿಟ್ಟರೂ ಹೆಚ್ಚುಕಮ್ಮಿ ಅಷ್ಟೇ ದುಡ್ಡು ಬರುತ್ತಿತ್ತು, ಹೊಸದು ಯಾಕೆ ಅನ್ನಿಸಿತು. ಆಮೇಲೆ ಮನಸ್ಸು ಬದಲಾಗಿ, ಕಡಿಮೆ ಖರ್ಚಿನಲ್ಲಿ ಮಾಡಿಸೋಣ ಅಂತ ನಿರ್ಮಾಪಕ ವಿಲಿಯಂ ಸ್ನೈಡರ್ ಅವರ ರೆಂಬ್ರಾಂಟ್ ಫಿಲ್ಮ್ಸ್‌ಗೆ ಕೊಟ್ಟರು. ಆ ಕಂಪನಿಗೆ ಕೆಲಸ ಮಾಡುತ್ತಿದ್ದ ಡೈಚ್ ಆಗ ಕಮ್ಯುನಿಸ್ಟ್ ಜೆಕೊಸ್ಲೊವಾಕಿಯಾದ ಪ್ರಾಗ್‌ನಲ್ಲಿದ್ದರು. ಒಂದು ಚಿತ್ರಕ್ಕೆ ಸುಮಾರು 10 ಸಾವಿರ ಡಾಲರ್, ಹಳಬರಿಗೆ ಸಿಗುತ್ತಿದ್ದದ್ದರ ಒಂದು ಸಣ್ಣ ಪಾಲು. ಕಬ್ಬಿಣದ ಪರದೆಯ ಆಚೆ ಇದ್ದ ಅಲ್ಲಿನ ಕಲಾವಿದರು ಟಾಮ್ ಅಂಡ್ ಜೆರ್ರಿಯನ್ನು ನೋಡಿ ಬೆಳೆದವರಲ್ಲ. ಶೀತಲ ಸಮರದ ಕಾಲ ಬೇರೆ, ಜೆಕ್ ಹೆಸರುಗಳನ್ನು ಇಂಗ್ಲಿಷ್ ಹೆಸರಿನ ಹಾಗೆ ತಿರುಚಿ ಹಾಕಿದರು. ಸಂಗೀತ ಕೊಟ್ಟ ಶ್ಟೆಪಾನ್ ಕೊನಿಚೆಕ್ ತೆರೆಯ ಮೇಲೆ 'ಸ್ಟೀವನ್' ಆದರು. ತಾವು ದುಡಿದ ಚಿತ್ರದ ಮೇಲೆ ತಮ್ಮ ಹೆಸರೂ ನೆಟ್ಟಗೆ ಇಲ್ಲ. ಇದನ್ನೆಲ್ಲ ತಿಳಿದ ಮೇಲೆ ಆ ಕಲಾವಿದರ ಬಗ್ಗೆ 'ಕಸ' ಅನ್ನುವುದಕ್ಕೆ ನನಗಂತೂ ಬಾಯಿ ಬರುವುದಿಲ್ಲ.

ಸರಿ, ದುಡ್ಡಿರಲಿಲ್ಲ. ಆದರೆ ಇದೇ ಡೈಚ್ ನಿರ್ದೇಶಿಸಿದ 'ಮನ್ರೋ' ಅನ್ನುವ ಪುಟ್ಟ ಚಿತ್ರಕ್ಕೆ 1961ರಲ್ಲಿ ಆಸ್ಕರ್ ಬಂತು. ಅದನ್ನು ಮಾಡಿಸಿದ್ದೂ ರೆಂಬ್ರಾಂಟ್ ಫಿಲ್ಮ್ಸ್. ನಾಲ್ಕು ವರ್ಷದ ಹುಡುಗನನ್ನು ತಪ್ಪಿ ಸೈನ್ಯಕ್ಕೆ ಸೇರಿಸಿಬಿಡುವ ಕಥೆ. ಅಲ್ಲೂ ಗೆರೆ ಸರಳ, ಹಿನ್ನೆಲೆ ಬೋಳು. ಯಾರಿಗೂ ಅದು ಬಡತನ ಅನ್ನಿಸಲಿಲ್ಲ, ಯಾಕೆಂದರೆ ಆ ಕಥೆಗೆ ಆ ಗೆರೆ ಸಾಕು. ಕೈಯಲ್ಲಿ ಕಲೆ ಇತ್ತು. ಮನಸ್ಸು ಈ ಕೆಲಸದಲ್ಲಿ ಇರಲಿಲ್ಲ ಅಷ್ಟೇ. ಟಾಮ್ ಅಂಡ್ ಜೆರ್ರಿಯ ಹೊಡೆದಾಟ ತಮಗೆ ಮೊದಲಿನಿಂದಲೂ ಹಿಡಿಸುತ್ತಿರಲಿಲ್ಲ ಅಂತ ಡೈಚ್ ಅವರೇ ಆಮೇಲೆ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ತಮಾಷೆ ನೋಡಿ, ಹಿಂಸೆ ಇಷ್ಟವಿಲ್ಲದವರು ಮಾಡಿದ ಕಂತುಗಳೇ ಎಲ್ಲಕ್ಕಿಂತ ಜಾಸ್ತಿ ಹಿಂಸೆ ಅನ್ನಿಸುತ್ತವೆ.

ದುಡ್ಡೇ ಎಲ್ಲ ಅಲ್ಲ ಅನ್ನುವುದಕ್ಕೆ ಇನ್ನೊಂದು ಪುರಾವೆ, ಡೈಚ್ ಆದ ಮೇಲೆ ಟಾಮ್ ಅಂಡ್ ಜೆರ್ರಿ ಮಾಡಿದ ನಿರ್ದೇಶಕ ಚಕ್ ಜೋನ್ಸ್. (ಹಿಂದಿನ ಪತ್ರದಲ್ಲಿ ಡೈಚ್, ಜೋನ್ಸ್ ಇಬ್ಬರನ್ನೂ ಒಂದೇ ಗುಂಪಿಗೆ ಸೇರಿಸಿದ್ದರು, ಹಾಗಲ್ಲ.) 1963ರಿಂದ 67ರವರೆಗೆ ಅವರ ತಂಡ 34 ಚಿತ್ರ ಮಾಡಿತು. ದಪ್ಪ ಹುಬ್ಬಿನ ಟಾಮ್, ದೊಡ್ಡ ಕಿವಿಯ, ದೊಡ್ಡ ಕಣ್ಣಿನ ಮುದ್ದು ಜೆರ್ರಿ, ಶುರುವಿನಲ್ಲಿ ಎಂಜಿಎಂ ಸಿಂಹದ ಜಾಗದಲ್ಲಿ ಕೂಗುವ ಟಾಮ್. ಬಣ್ಣ, ಹಿನ್ನೆಲೆ ಎಲ್ಲ ಕಣ್ಣಿಗೆ ಹಬ್ಬ. ಒಂದೊಂದು ಫ್ರೇಮನ್ನೂ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬಹುದು. ಆದರೂ ನನಗೆ ನಗು ಅರ್ಧಕ್ಕೇ ನಿಲ್ಲುತ್ತದೆ. ಟಾಮ್ ಅಲ್ಲಿ ಭಂಗಿ ಹಿಡಿದು ನಿಲ್ಲುತ್ತದೆ, ಕಣ್ಣು ಮಿಟುಕಿಸುತ್ತದೆ, ಏನೋ ಯಂತ್ರ ಕಟ್ಟುತ್ತದೆ, ಯಂತ್ರ ಕೈಕೊಡುತ್ತದೆ. ಇದು ರೋಡ್ ರನ್ನರ್ ಅನ್ನುವ ಹಕ್ಕಿಯ ಹಿಂದೆ ಬಿದ್ದ ಆ ಕೊಯೋಟಿಯ (ತೋಳದಂಥ ಪ್ರಾಣಿ) ಕಥೆ, ಜೋನ್ಸ್ ಅವರದೇ ಹಳೆಯ ಚಿತ್ರಗಳ ಕಥೆ. ಬೆಕ್ಕಿನ ವೇಷ ಹಾಕಿ ಕರೆದುಕೊಂಡು ಬಂದಿದ್ದಾರೆ. ಹೀಗಿದ್ದರೂ ಇವರನ್ನು ಯಾರೂ ಡೈಚ್‌ಗೆ ಬೈದ ಹಾಗೆ ಬೈಯುವುದಿಲ್ಲ, ಚೆಂದ ಇದ್ದರೆ ಏನು ಮಾಡಿದರೂ ನಡೆಯುತ್ತೆ!

ಶಬ್ದದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಡೈಚ್ ಕಂತುಗಳು ಸೋತದ್ದು ಅರ್ಧ ಅಲ್ಲೇ. ಹಳೆಯದರಲ್ಲಿ ಸ್ಕಾಟ್ ಬ್ರಾಡ್ಲಿ ಅವರ ಆರ್ಕೆಸ್ಟ್ರಾ ಟಾಮ್‌ನ ಒಂದೊಂದು ಹೆಜ್ಜೆಗೂ ಜೊತೆ ಹಾಕುತ್ತಿತ್ತು. ಬೆರಳ ತುದಿಯಲ್ಲಿ ನಡೆದರೆ ಸಂಗೀತವೂ ಬೆರಳ ತುದಿಯಲ್ಲೇ. ಆ ಪ್ರಸಿದ್ಧ ಕಿರುಚಾಟ ಇದೆಯಲ್ಲ, ಅದು ನಿರ್ದೇಶಕ ವಿಲಿಯಂ ಹಾನಾ ಅವರದೇ ಗಂಟಲು. 'ದ ಕ್ಯಾಟ್ ಕನ್ಸರ್ಟೊ'ದಲ್ಲಿ ಪಿಯಾನೊ ಒಳಗೆ ಮಲಗಿದ್ದ ಜೆರ್ರಿ ಎದ್ದು ಕಾಟ ಕೊಡುತ್ತಿದ್ದರೂ ಟಾಮ್ ಸಂಗೀತಗಾರ ಫ್ರಾನ್ಸ್ ಲಿಸ್ಟ್‌ನ ಹಂಗೇರಿಯನ್ ರ‍್ಯಾಪ್ಸಡಿಯನ್ನು ನಿಲ್ಲಿಸದೆ ನುಡಿಸುತ್ತದೆ. ಅಲ್ಲಿ ಏಟಿಗೂ ತಾಳ ಇದೆ. ನೋವು ಎರಡು ಸ್ವರದ ನಡುವೆ ಬಂದು ಹೋಗಿಬಿಡುತ್ತದೆ, ಅದಕ್ಕೇ ನೋವು ಅನ್ನಿಸುವುದಿಲ್ಲ. ಡೈಚ್ ಕಂತುಗಳಿಗೆ ಸದ್ದು ಕೊಟ್ಟವರು ಟಾಡ್ ಡಾಕ್‌ಸ್ಟೇಡರ್. ಟೇಪ್ ಮೇಲೆ ವಿಚಿತ್ರ ಶಬ್ದ ಕಟ್ಟುವುದರಲ್ಲಿ ದೊಡ್ಡ ಹೆಸರು. ಅವರ ಸದ್ದು ಬೇರೆ ಕಡೆ ಕೇಳಿದರೆ ಅದ್ಭುತ ಅನ್ನಿಸಬಹುದು. ಇಲ್ಲಿ ಮಾತ್ರ ಪ್ರತಿ ಏಟೂ ಖಾಲಿ ಗೋದಾಮಿನಲ್ಲಿ ಬಿದ್ದ ತಗಡಿನ ಹಾಗೆ ಮೊಳಗಿ, ಏಟು ಮುಗಿದ ಮೇಲೂ ಕಿವಿಯಲ್ಲೇ ಉಳಿಯುತ್ತದೆ. ನಾನು ಚಿಕ್ಕವನಿದ್ದಾಗ ಹೆದರಿದ್ದು ಇದಕ್ಕೇ ಇರಬೇಕು.

ಹಾಗಂತ 13ನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. 'ಡಿಕಿ ಮೋ'ದಲ್ಲಿ ಬಿಳಿ ತಿಮಿಂಗಿಲದ ಹುಚ್ಚು ಹತ್ತಿದ ಕ್ಯಾಪ್ಟನ್ ಇದ್ದಾನಲ್ಲ, ಅವನು ವಿಚಿತ್ರ, ಆದರೆ ನೆನಪಿನಲ್ಲಿ ಉಳಿಯುತ್ತಾನೆ. 1962ರ 'ದ ಟಾಮ್ ಅಂಡ್ ಜೆರ್ರಿ ಕಾರ್ಟೂನ್ ಕಿಟ್' ಅಂತೂ ನಿಜಕ್ಕೂ ಚುರುಕು. ಒಂದು ಪೆಟ್ಟಿಗೆ. ಒಳಗೆ ಒಂದು ಕೆಟ್ಟ ಪೆದ್ದ ಬೆಕ್ಕು, ಒಂದು ಮುದ್ದು ಇಲಿ, ಒಂದಷ್ಟು ಆಯುಧ. ಇದರಿಂದ ಯಾರು ಬೇಕಾದರೂ ಕಾರ್ಟೂನ್ ಮಾಡಬಹುದು ಅಂತ ಹಿನ್ನೆಲೆಯಲ್ಲಿ ಒಬ್ಬ ಗಂಭೀರವಾಗಿ ಹೇಳುತ್ತಾನೆ. ಕಾಫಿ, ಸಿಗರೇಟು ಚಿತ್ರ ಬರೆಯುವವರಿಗಂತೆ! ಇದಕ್ಕೆ ಅರ್ಥ ಇರದಿದ್ದರೂ ನೀವು ಸೀಟಿನಲ್ಲಿ ಆರಾಮಾಗಿ ಕೂರುವಷ್ಟು ಹೊತ್ತು ಓಡುತ್ತದೆ ಅಂತಲೂ ಸೇರಿಸುತ್ತಾನೆ. ಆಗೆಲ್ಲ ಇವನ್ನು ಥಿಯೇಟರಿನಲ್ಲಿ ದೊಡ್ಡ ಸಿನಿಮಾಕ್ಕೆ ಮುಂಚೆ ಹಾಕುತ್ತಿದ್ದರು ಅನ್ನುವುದು ನೆನಪಿರಲಿ. ತನಗೆ ಒಗ್ಗದ ಕೆಲಸವನ್ನು ಒಪ್ಪಿಕೊಂಡ ಮನುಷ್ಯ ಆ ಕೆಲಸವನ್ನೇ ಗೇಲಿ ಮಾಡಿದ್ದು ಇಲ್ಲಿ ಮಾತ್ರ, ಗೆದ್ದದ್ದೂ ಇಲ್ಲೇ.

ಇನ್ನೊಂದು ತಕರಾರು. ಹಾನಾ ಮತ್ತು ಬಾರ್ಬೆರಾ ಜೋಡಿ ಮಾಡಿದ 114 ಚಿತ್ರಗಳೂ ಚಿನ್ನ ಅನ್ನುವ ಹಾಗೆ ಎಲ್ಲರೂ ಮಾತಾಡುತ್ತಾರೆ. ಏಳು ಆಸ್ಕರ್ ಬಂದಿದೆ, ನಿಜ. ಆದರೆ 1955ರ ಆಮೇಲಿನವನ್ನು ಒಮ್ಮೆ ಕೂತು ನೋಡಿ. ಗೆರೆ ಒರಟಾಗಿದೆ, ಹಿನ್ನೆಲೆ ಬರಿದಾಗಿದೆ, ಟಾಮ್‌ನ ಮೈಯಲ್ಲಿ ಮೊದಲಿನ ತೂಕ ಇಲ್ಲ. ಕೆಲವು ಕಡೆ ಹಳೆಯ ತುಣುಕುಗಳನ್ನೇ ಮತ್ತೆ ಹಾಕಿ ಹೊಸ ಕಂತು ಮಾಡಿದ್ದಾರೆ. 1975ರಲ್ಲಿ ಟಿವಿಗಾಗಿ ಬಂದ ಸರಣಿಯಲ್ಲಿ ಜೆರ್ರಿಯ ಕೊರಳಿಗೆ ಕೆಂಪು ಬೋ ಕಟ್ಟಿ ಇಬ್ಬರನ್ನೂ ಗೆಳೆಯರನ್ನಾಗಿ ಮಾಡಿದರಲ್ಲ, ಹೊಡೆದಾಟವೇ ಇಲ್ಲದ ಹಾಗೆ, ಅದನ್ನು ಮಾಡಿದ್ದು ಯಾವ ಕಂಪನಿ? ಹಾನಾ–ಬಾರ್ಬೆರಾ ಕಂಪನಿಯೇ. ಡೈಚ್ ಕಂತುಗಳಲ್ಲಿ ಲೆಕ್ಕ ತಪ್ಪಿತ್ತು, ಇಲ್ಲಿ ಲೆಕ್ಕವೇ ಇಲ್ಲ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಸಪ್ಪೆ ಇದೇ.

ಟಿವಿಯವರು ತೋರಿಸುವುದನ್ನು ನಿಲ್ಲಿಸುವುದು ಬೇಡ. ಕಂತಿನ ಹೆಸರಿನ ಜೊತೆ ವರ್ಷವನ್ನೂ ನಿರ್ದೇಶಕರ ಹೆಸರನ್ನೂ ಹಾಕಲಿ, ಬೇಡದವರು ಚಾನೆಲ್ ಬದಲಾಯಿಸುತ್ತಾರೆ. ನಮ್ಮ ಮನೆಯಲ್ಲಂತೂ ಅದೂ ಬೇಕಾಗಿಲ್ಲ. ಆ ಗುಂಯ್ ಸದ್ದು ಕೇಳಿದ ಕೂಡಲೇ ಮಗಳು "ಆ ಕೆಂಪು ಮುಖದ ಅಂಕಲ್‌ದು" ಅಂತ ಎದ್ದು ಹೋಗುತ್ತಾಳೆ. ಕಿಟ್ ಪೆಟ್ಟಿಗೆ ಕಂಡರೆ ಮಾತ್ರ ವಾಪಸ್ ಬಂದು ಕೂರುತ್ತಾಳೆ, ಜೆರ್ರಿ ಕಲ್ಲಂಗಡಿ ತಿಂದು ಬೀಜಗಳನ್ನು ಟಾಮ್ ಕಡೆ ಉಗಿಯುವುದು ಮುಗಿಯುವವರೆಗೆ.

ಇಂತಿ,
ನಿಮ್ಮ ಓದುಗ