‘ಒಂದು ಮಾತೂ ಆಡದೆ ಹೊರಟರು’ ಅನ್ನುವುದು ಹೊಗಳಿಕೆಯೇ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ವಿದೇಶಗಳಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಮಿಷನರಿಗಳ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಅದರಲ್ಲಿ ಒಂದು ಮಾತು ಮತ್ತೆ ಮತ್ತೆ ಬಂದಿತ್ತು. ವರ್ಗಾವಣೆ ಪತ್ರ ಕೈಗೆ ಬಂದದ್ದೇ ತಡ, ‘ಒಂದು ಮಾತೂ ಆಡದೆ ಹೊರಟರು’ ಅಂತ. ಅದನ್ನೇ ದಪ್ಪಕ್ಷರದಲ್ಲಿ ಬಾಕ್ಸ್ ಕಟ್ಟಿ ಬೇರೆ ಹಾಕಿದ್ದೀರಿ. ಹಾಗೆ ಹೊರಟವಳೊಬ್ಬಳು ನಮ್ಮ ಮನೆಯಲ್ಲೂ ಇದ್ದಾಳೆ. ನನ್ನ ಅಕ್ಕ. ಅದಕ್ಕೇ ಈ ಪತ್ರ.

ಅಕ್ಕ ಕ್ಯಾಥೋಲಿಕ್ ಸಿಸ್ಟರ್. ಓದಿದ್ದು ನರ್ಸಿಂಗ್, ಮಾಡುವುದು ಹೆಚ್ಚಾಗಿ ಹೆರಿಗೆ ಕೆಲಸ. ಕೀನ್ಯಾಕ್ಕೆ ಹೋಗಿ ಬಹಳ ವರ್ಷವಾಯಿತು. ಅವಳ ಹೆಸರು, ಸಂಸ್ಥೆಯ ಹೆಸರು ಎರಡನ್ನೂ ಬರೆಯಬೇಡ ಅಂದಿದ್ದಾಳೆ. ಬರೆಯುವುದಿಲ್ಲ. ಜಾಗದ ಹೆಸರು ಹೇಳದಿದ್ದರೆ ಮಾತ್ರ ನಾನು ಹೇಳುವುದು ಅರ್ಥವಾಗಲಿಕ್ಕಿಲ್ಲ.

ಮೊದಲು ಅವಳಿದ್ದದ್ದು ಕಿಟಾಲೆ ಕಡೆಯ ಒಂದು ಸಣ್ಣ ದವಾಖಾನೆಯಲ್ಲಿ. ಪಶ್ಚಿಮ ಕೀನ್ಯಾದ ಎತ್ತರದ ನೆಲ, ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್. ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳದ ಹೊಲ. ರಾತ್ರಿ ಸ್ವೆಟರ್ ಇಲ್ಲದೆ ಆಗುವುದಿಲ್ಲ. ಆಕಾಶ ತಿಳಿಯಾಗಿದ್ದರೆ ಎಲ್ಗಾನ್ ಬೆಟ್ಟ ಕಾಣುತ್ತದೆ. ಸ್ವಾಹಿಲಿ ಗೊತ್ತಿದ್ದರೆ ಅಲ್ಲಿ ಕೆಲಸ ನಡೆಯುತ್ತದೆ. ಅಕ್ಕ ಸ್ವಾಹಿಲಿಯಲ್ಲಿ ಜಗಳವಾಡುವಷ್ಟು ಪಳಗಿದ್ದಳು. ಫೋನ್‌ನಲ್ಲಿ ನಮ್ಮ ಜೊತೆ ಮಾತಾಡುತ್ತಲೇ ಆ ಕಡೆ ಯಾರನ್ನೋ ಸ್ವಾಹಿಲಿಯಲ್ಲಿ ಗದರುವುದು ಕೇಳಿಸುತ್ತಿತ್ತು.

ಒಂದು ದಿನ ಪತ್ರ ಬಂತು. ಒಂದೇ ಪುಟ. ಮುಂದಿನ ತಿಂಗಳ ಒಂದನೇ ತಾರೀಖಿಗೆ ಲೊಡ್ವಾರ್ ಕಡೆಯ ಕೇಂದ್ರಕ್ಕೆ ಹಾಜರಾಗಬೇಕು, ದೇವರ ಆಶೀರ್ವಾದ ಇರಲಿ. ಅಷ್ಟೇ. ತಿಂಗಳು ಮುಗಿಯಲು ಆಗ ಎರಡು ವಾರವೂ ಉಳಿದಿರಲಿಲ್ಲ. ಯಾಕೆ ಅಂತ ಇಲ್ಲ, ಇವಳ ಜಾಗಕ್ಕೆ ಯಾರು ಅಂತಲೂ ಇಲ್ಲ.

ಲೊಡ್ವಾರ್ ಅಂದರೆ ಟುರ್ಕಾನಾ ಸೀಮೆ. ಕಿಟಾಲೆಯಿಂದ ಉತ್ತರಕ್ಕೆ ಸುಮಾರು 300 ಕಿಲೋಮೀಟರ್. ಬೆಟ್ಟ ಇಳಿದು, ಮರಿಚ್ ಕಣಿವೆ ದಾಟಿ, ಕೈನುಕ್ ಮೇಲೆ ಹೋಗಬೇಕು. ಆ ಹಾದಿಯಲ್ಲಿ ದರೋಡೆ, ಗುಂಡೇಟು ಹೊಸದಲ್ಲ. ಇಳಿದ ಮೇಲೆ ಎತ್ತರ 500 ಮೀಟರ್ ಆಸುಪಾಸು. ಮರಳು, ಮುಳ್ಳುಗಿಡ, ಒಣಗಿದ ಹೊಳೆಪಾತ್ರಗಳು. ಹೊಳೆಯ ಮರಳನ್ನು ಆಳಕ್ಕೆ ಅಗೆದು ಹೆಂಗಸರು ಬೋಗುಣಿಯಲ್ಲಿ ನೀರು ಎತ್ತುತ್ತಾರೆ. ಬಿಸಿಲು ವರ್ಷವಿಡೀ ಸುಮಾರು 35 ಡಿಗ್ರಿಯ ಬಿಸಿಲು. ದೇಶ ಅದೇ, ಹೊಸ ವೀಸಾ ತಲೆನೋವಿಲ್ಲ, ಹಾಗಾಗಿ ಇದೇನು ದೊಡ್ಡ ವರ್ಗಾವಣೆಯಲ್ಲ ಅಂತ ಮೇಲಿನವರ ಲೆಕ್ಕ ಇದ್ದಿರಬೇಕು. ನಕ್ಷೆಯಲ್ಲಿ ನೋಡಿದರೆ ಹಾಗೇ ಕಾಣುತ್ತದೆ ಬಿಡಿ.

ಬಿಸಿಲಿನ ಬಗ್ಗೆ ಅಕ್ಕನ ದೂರು ಇಲ್ಲ. ನನ್ನದೂ ಅಲ್ಲ. ವಿಧೇಯತೆಯ ವ್ರತ ತೊಟ್ಟವಳು ಅವಳು. ಕಳಿಸಿದ ಕಡೆ ಹೋಗುತ್ತೇನೆ ಅಂತ ಮೊದಲೇ ಒಪ್ಪಿಕೊಂಡವಳು. ನನ್ನ ತಕರಾರು ಇರುವುದು ಒಂದು ನೋಟ್‌ಬುಕ್ ಬಗ್ಗೆ.

ಕಿಟಾಲೆ ಕಡೆಯ ದವಾಖಾನೆಯಲ್ಲಿ ಸರ್ಕಾರಿ ರಿಜಿಸ್ಟರ್ ಇತ್ತು, ತಾಯಂದಿರ ಕೈಯಲ್ಲಿ ಅವರವರ ಕಾರ್ಡ್ ಇತ್ತು. ಅದರ ಜೊತೆ ಅಕ್ಕ ತನ್ನದೇ ಒಂದು ನೋಟ್‌ಬುಕ್ ಇಟ್ಟಿದ್ದಳು. ಹಿಂದಿನ ಹೆರಿಗೆ ಸಿಸೇರಿಯನ್ ಆದವರು, ಬಿಪಿ ಏರುವವರು, ಗಂಡನ ಮನೆಯವರು ಆಸ್ಪತ್ರೆಗೆ ಕಳಿಸಲು ಒಪ್ಪದವರು, ಇವರ ಹೆಸರೆಲ್ಲ ಅದರಲ್ಲಿ. ಇವರ್‍ಯಾರೂ ಮನೆಯಲ್ಲಿ ಹೆರಬಾರದು, ನೋವು ಶುರುವಾಗುವ ಮೊದಲೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಮನೆಗೆ ದಾರಿ ಅಂತ ವಿಳಾಸ ಬರೆಯಲು ಅಲ್ಲಿ ಬೀದಿ ಹೆಸರಿಲ್ಲ. ‘ಎರಡನೇ ಬಾವಿಯ ಹಿಂದೆ, ನೀಲಿ ಬಾಗಿಲು’, ಹೀಗೆ. ಅದೂ ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ನಡುವೆ ಅವಳದೇ ಗುರುತುಗಳು. ಅವಳಿಗೆ ಬಿಟ್ಟರೆ ಬೇರೆಯವರಿಗೆ ಓದಲು ಬರುವುದಿಲ್ಲ. ಸುಮ್ನೆ ಅಲ್ಲ, ನಾನು ಫೋಟೊ ನೋಡಿದ್ದೇನೆ. ನನಗೂ ಅರ್ಥವಾಗಲಿಲ್ಲ.

ಇವಳ ಜಾಗಕ್ಕೆ ಬಂದ ಸಿಸ್ಟರ್ ಬೇರೆ ರಾಜ್ಯದವರು, ಅಲ್ಲಿಗೆ ಹೊಸಬರು. ಅವರು ಬಂದದ್ದು ಇವಳು ಹೊರಟ ಮೇಲೆ. ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ. ನೋಟ್‌ಬುಕ್ ಮೇಜಿನ ಮೇಲಿತ್ತು, ಮೇಲೊಂದು ಚೀಟಿ. ಆಮೇಲೆ ಒಂದು ಬೆಳಗಿನ ಜಾವ ಆ ದವಾಖಾನೆಯಿಂದ ಲೊಡ್ವಾರ್‌ಗೆ ಫೋನ್ ಬಂತಂತೆ. ಯಾರೋ ಹುಡುಗ ಸೈಕಲ್‌ನಲ್ಲಿ ಬಂದು ಅತ್ತಿಗೆಗೆ ನೋವು ಶುರುವಾಗಿದೆ ಅಂದಿದ್ದ. ಹೆಸರು ಹೇಳಿದ. ಆ ಹೆಸರಿನವರು ನೋಟ್‌ಬುಕ್‌ನಲ್ಲಿ ಮೂವರು. ಅದರಲ್ಲಿ ಒಬ್ಬಳಿಗೆ ಹಿಂದೆ ಎರಡು ಸಿಸೇರಿಯನ್ ಆಗಿದೆ. ಇವಳು ಅವಳೇನಾ, ಅಲ್ಲವಾ? ಸಿಗ್ನಲ್ ಬಂದು ಹೋಗಿ ಮಾಡುತ್ತಿದ್ದ ಫೋನ್‌ನಲ್ಲಿ ಅಕ್ಕ ಲೊಡ್ವಾರ್‌ನಿಂದ ಮನೆಯ ಗುರುತು ಹೇಳುತ್ತಿದ್ದರೆ, ಅಲ್ಲಿ ಪಕ್ಕದಲ್ಲಿ ನಿಂತಿದ್ದ ಅಸ್ಕಾರಿ, ಅಂದರೆ ಕಾವಲುಗಾರ, ಆ ಮನೆ ನನಗೆ ಗೊತ್ತು, ಸಿಸ್ಟರ್ ಯಾವಾಗಲೂ ಹೋಗುತ್ತಿದ್ದದ್ದು ಅಲ್ಲಿಗೇ ಅಂದನಂತೆ. ಗಾಡಿ ನೇರ ಅಲ್ಲಿಗೆ ಹೋಗಿ, ಹೆಂಗಸನ್ನು ಎತ್ತಿಕೊಂಡು ದೊಡ್ಡಾಸ್ಪತ್ರೆ ಸೇರಿತು. ತಾಯಿ, ಮಗು ಇಬ್ಬರೂ ಉಳಿದರು. ಆ ಕಾವಲುಗಾರನಿಗೂ ಅದೇ ತಿಂಗಳು ವರ್ಗಾವಣೆ ಆಗಿದ್ದರೆ?

ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ವರ್ಗಾವಣೆ ನನಗೆ ಹೊಸದಲ್ಲ. ಆದರೆ ಚಾರ್ಜ್ ಕೊಡದೆ ಒಬ್ಬನೂ ಶಾಖೆ ಬಿಟ್ಟು ಹೋಗುವಂತಿರಲಿಲ್ಲ. ಸೇಫ್ ಕೀ, ಚಿನ್ನದ ಸಾಲದ ಪೊಟ್ಟಣಗಳು, ಸ್ಟಾಂಪ್ ಪೇಪರ್, ಎಲ್ಲ ಎಣಿಸಿ, ಕೊಟ್ಟವನದು ಒಂದು ಸಹಿ, ತೆಗೆದುಕೊಂಡವನದು ಒಂದು ಸಹಿ. ಅಡವಿಟ್ಟ ಬಳೆಗೆ ಇಷ್ಟು ಕಾಳಜಿ ಇರುವಾಗ ಹೊಟ್ಟೆಯಲ್ಲಿರುವ ಮಗುವಿಗೆ ಬೇಡವೇ?

ಇನ್ನು ಹೋದ ಕಡೆಯ ಕತೆ. ಟುರ್ಕಾನಾ ಹಳ್ಳಿಗಳ ಹೆಂಗಸರಲ್ಲಿ ಅನೇಕರಿಗೆ ಸ್ವಾಹಿಲಿ ಬರುವುದಿಲ್ಲ. ಟುರ್ಕಾನಾ ಭಾಷೆ ಬೇರೆಯೇ ಕುಟುಂಬದ್ದು. ಸ್ವಾಹಿಲಿ ಬಂಟು ಗುಂಪಿನ ಭಾಷೆ, ಇದು ನೈಲೋಟಿಕ್ ಗುಂಪಿನದು. ಒಂದು ಗೊತ್ತಿದ್ದರೆ ಇನ್ನೊಂದು ಸುಲಭ ಅನ್ನುವ ಹಾಗಿಲ್ಲ. ಬಹಳ ವರ್ಷ ದುಡಿದ ನರ್ಸ್ ಮತ್ತೆ ‘ಎಲ್ಲಿ ನೋವು’ ಅಂತ ಕೈಸನ್ನೆ ಮಾಡಿ ಕೇಳುವ ಸ್ಥಿತಿಗೆ ಬಂದಳು. ‘ಎರಡು ವಾರ ಬಿಟ್ಟು ಬಾ’ ಅನ್ನುವುದೂ ಅಲ್ಲಿ ನಡೆಯುವುದಿಲ್ಲ. ಆಡು, ಒಂಟೆ ಮೇಯಿಸುವ ಜನ. ಎರಡು ವಾರದಲ್ಲಿ ಮೇವು ಎಲ್ಲಿದೆಯೋ ಅಲ್ಲಿಗೆ ಹೋಗಿರುತ್ತಾರೆ.

ಮೊದಮೊದಲು ನಡೆದದ್ದೊಂದು ಅಕ್ಕ ಹೇಳಿದ್ದಳು. ಹೊಟ್ಟೆ ಮುಂದೆ ಬಂದ ಒಬ್ಬ ಹೆಂಗಸು ಬಂದಳು. ಕೊರಳು ತುಂಬ ಮಣಿಸರ, ಗದ್ದದವರೆಗೂ ಪೇರಿಸಿದ್ದು. ಅಕ್ಕ ಮಲಗಿಸಿ, ಹೊಟ್ಟೆಯ ಮೇಲೆ ಕೊಳವೆ ಇಟ್ಟು, ಕಿವಿಗೊಟ್ಟು ಕೇಳಿದಳು. ಮಗುವಿನ ಎದೆಬಡಿತ ಇಲ್ಲ. ಜಾಗ ಬದಲಿಸಿ ಮತ್ತೆ ಕೇಳಿದಳು. ಇಲ್ಲ. ಮಗು ಹೋಗಿದೆ ಅಂತಲೇ ಅವಳು ತಿಳಿದದ್ದು. ಅದನ್ನು ಹೇಗೆ ಹೇಳುವುದು, ಯಾವ ಭಾಷೆಯಲ್ಲಿ ಹೇಳುವುದು ಅಂತ ನಿಂತಿದ್ದಾಗ ಊರಿನ ಆರೋಗ್ಯ ಕಾರ್ಯಕರ್ತೆ ಹುಡುಗಿ ಬಂದು ಹೊಟ್ಟೆ ಮುಟ್ಟಿ ನೋಡಿ, ಇದು ಮಗುವಲ್ಲ ಸಿಸ್ಟರ್ ಅಂದಳು. ಹೈಡಾಟಿಡ್ ಗಡ್ಡೆ. ನಾಯಿಯಿಂದ ಬರುವ ಒಂದು ಹುಳುವಿನ ಕಾಯಿಲೆ. ಹೆಚ್ಚಾಗಿ ಲಿವರ್‌ನಲ್ಲಿ ನೀರು ತುಂಬಿದ ಚೀಲದ ಹಾಗೆ ವರ್ಷಗಟ್ಟಲೆ ಬೆಳೆಯುತ್ತದೆ. ಪ್ರಪಂಚದಲ್ಲೇ ಈ ಕಾಯಿಲೆ ಅತಿ ಜಾಸ್ತಿ ಇದ್ದ ಜಾಗಗಳಲ್ಲಿ ಟುರ್ಕಾನಾ ಒಂದು. ತಿಳಿಯದೆ ಸೂಜಿ ಚುಚ್ಚಿ ನೀರು ತೆಗೆಯಲು ಹೋದರೆ ಒಳಗೇ ಒಡೆದು ಜೀವಕ್ಕೇ ಅಪಾಯ. ಕಿಟಾಲೆ ಕಡೆ ಇಷ್ಟು ವರ್ಷ ಇದ್ದರೂ ಅಕ್ಕನಿಗೆ ಇದು ಪುಸ್ತಕದಲ್ಲಿ ಓದಿದ ನೆನಪಷ್ಟೇ. ಆ ಹುಡುಗಿ ಅವತ್ತು ರಜೆಯಲ್ಲಿ ಇರಲಿಲ್ಲ, ನಮ್ಮ ಪುಣ್ಯ.

ನಿಮ್ಮ ಲೇಖನದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಉದಾಹರಣೆ ಕೊಟ್ಟಿದ್ದೀರಿ. ಈ ವಿಷಯ ಬಂದಾಗ ಎಲ್ಲರೂ ಕೊಡುವುದು ಅದನ್ನೇ. 1540ರ ಮಾರ್ಚ್‌ನಲ್ಲಿ ಭಾರತಕ್ಕೆ ಹೊರಡಬೇಕಿದ್ದ ಅವರ ಜೊತೆಗಾರ ಬೊಬಾದಿಲ್ಲಾ ಕಾಯಿಲೆ ಬಿದ್ದರು, ಅವರ ಬದಲು ಝೇವಿಯರ್ ಮರುದಿನವೇ ರೋಮ್ ಬಿಟ್ಟರು. ನಿಜ. ಆದರೆ ಪೂರ್ತಿ ಓದಿ. ಲಿಸ್ಬನ್‌ನಿಂದ ಅವರ ಹಡಗು ಹೊರಟದ್ದು 1541ರ ಏಪ್ರಿಲ್‌ನಲ್ಲಿ, ಗೋವಾ ಮುಟ್ಟಿದ್ದು 1542ರ ಮೇನಲ್ಲಿ. ಒಂದೇ ದಿನದಲ್ಲಿ ಹೊರಟರೂ ಸಿದ್ಧವಾಗಲು ಎರಡು ವರ್ಷ ಸಿಕ್ಕಿತು. ಅಷ್ಟಾದರೂ ತಮಿಳು ಮಾತಾಡುವ ಮೀನುಗಾರರ ಕರಾವಳಿಯಲ್ಲಿ ಭಾಷೆ ಬಾರದೆ ಅವರು ಪಟ್ಟ ಪಾಡು ಅವರ ಪತ್ರಗಳಲ್ಲೇ ಇದೆ. ಪ್ರಾರ್ಥನೆಗಳನ್ನು ಬೇರೆಯವರಿಂದ ತಮಿಳಿಗೆ ಮಾಡಿಸಿ ಬಾಯಿಪಾಠ ಹೊಡೆದರು. ಅಲ್ಲದೆ ಅದು ಯಾರೋ ಕಾಯಿಲೆ ಬಿದ್ದದ್ದರಿಂದ ಆದ ತುರ್ತು. ತುರ್ತನ್ನೇ ಪದ್ಧತಿ ಮಾಡಿಕೊಂಡರೆ ಹೇಗೆ?

ನಮ್ಮ ನಾಡಿಗೇ ಬಂದ ಮಿಷನರಿಗಳನ್ನು ನೋಡಿ. ಪ್ರತಿ ವರ್ಷ ಜುಲೈ 1ಕ್ಕೆ ನೀವು ಪತ್ರಿಕಾ ದಿನ ಆಚರಿಸುತ್ತೀರಿ. 1843ರಲ್ಲಿ ‘ಮಂಗಳೂರ ಸಮಾಚಾರ’ ತಂದ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಷನ್ನಿನವರು, ಬಂದದ್ದು 1836ರಲ್ಲಿ. ಕಿಟೆಲ್ 1853ರಲ್ಲಿ ಬಂದರು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಧಾರವಾಡ, ಮಂಗಳೂರು, ಮಡಿಕೇರಿ ಅಂತ ಕಿಟೆಲ್ ಕೂಡ ಊರೂರು ತಿರುಗಿದವರೇ. ಆದರೆ ಊರು ಬದಲಾದರೂ ಅವರ ಕೆಲಸದ ಭಾಷೆ ಕನ್ನಡವಾಗಿಯೇ ಉಳಿಯಿತು. ಧಾರವಾಡದಲ್ಲಿ ಕಲಿತದ್ದು ಮಂಗಳೂರಿನಲ್ಲಿ ವ್ಯರ್ಥವಾಗಲಿಲ್ಲ. ಅದೇ ಮಿಷನ್ನಿನ ಗುಂಡರ್ಟ್ ಕತೆ ಬೇರೆ. ಮೊದಲು ತಮಿಳು ಸೀಮೆಯಲ್ಲಿದ್ದವರು, 1839ರಲ್ಲಿ ತಲಶ್ಶೇರಿಗೆ ಬಂದು ಮಲಯಾಳಕ್ಕೆ ಹೊರಳಿದರು. ಭಾಷೆ ಬದಲಾಯಿತು, ಸರಿ. ಆದರೆ ಬಹಳ ವರ್ಷ ಅವರನ್ನು ಆ ಭಾಷೆಯ ಸೀಮೆಯಲ್ಲೇ ಬಿಟ್ಟರು. ಮಲಯಾಳಂ ನಿಘಂಟು ಬಂತು. ನಡುವೆ ಯಾರಾದರೂ ಕಿಟೆಲ್‌ಗೆ ಒಂದು ಪುಟದ ಪತ್ರ ಕಳಿಸಿ, ಮುಂದಿನ ತಿಂಗಳು ಒಂದನೇ ತಾರೀಖಿಗೆ ಬಾಸೆಲ್ ಮಿಷನ್ನಿನ ಆಫ್ರಿಕಾ ಕೇಂದ್ರಕ್ಕೆ ಹಾಜರಾಗಿ ಅಂದಿದ್ದರೆ ನಮ್ಮ ನಿಘಂಟಿನ ಗತಿ ಏನಾಗುತ್ತಿತ್ತು? ಅವರು ಒಂದು ಮಾತೂ ಆಡದೆ ಹೊರಟಿದ್ದರೆ ನಾವು ಹೊಗಳುತ್ತಿದ್ದೆವಾ?

ಚರ್ಚ್ ಕಾನೂನಿನಲ್ಲಿ ಇದಕ್ಕೆ ಜಾಗ ಇಲ್ಲ ಅಂತಲೂ ಅಲ್ಲ. 1983ರ ಕ್ಯಾನನ್ ಸಂಹಿತೆಯ ಪ್ರಕಾರ ಒಂದು ಚರ್ಚಿನ ವಿಚಾರಣೆ ನೋಡುವ ಗುರುಗಳನ್ನು ಬೇರೆ ಕಡೆ ಹಾಕಬೇಕಾದರೆ ಬಿಷಪ್ ಅದನ್ನು ಲಿಖಿತವಾಗಿ ತಿಳಿಸಿ ಒಪ್ಪಿಸಲು ನೋಡಬೇಕು. ಒಲ್ಲೆ ಅಂದರೆ ಆ ಗುರುಗಳು ಕಾರಣ ಬರೆದು ಕೊಡಬಹುದು, ಬಿಷಪ್ ಅದನ್ನು ಇನ್ನಿಬ್ಬರು ಗುರುಗಳ ಜೊತೆ ಕೂತು ತೂಗಿ ನೋಡಬೇಕು. 1748ನೇ ವಿಧಿಯಿಂದ ಮುಂದೆ ಇದೆಲ್ಲ ಇದೆ. ಸಿಸ್ಟರ್‌ಗಳಿಗೆ ಇಷ್ಟು ವಿವರವಾದ ದಾರಿ ಇಲ್ಲ. ಅವರವರ ಸಂಸ್ಥೆಯ ನಿಯಮ, ವಿಧೇಯತೆ, ಅಷ್ಟೇ. ಆದರೂ 618ನೇ ವಿಧಿ ಮೇಲಿನವರು ತಮ್ಮ ಕೈಕೆಳಗಿನವರ ಮಾತನ್ನು ಮನಸ್ಸಿಟ್ಟು ಕೇಳಬೇಕು ಅನ್ನುತ್ತದೆ. ಕೊನೆಯ ತೀರ್ಮಾನ ಅವರದ್ದೇ, ಒಪ್ಪೋಣ. ಕೇಳಿ ತೀರ್ಮಾನಿಸಿ ಅನ್ನುವುದಷ್ಟೇ ಅಲ್ವಾ ಕಾನೂನೂ ಹೇಳುತ್ತಿರುವುದು?

ಇದನ್ನೆಲ್ಲ ಅಕ್ಕನಿಗೆ ಫೋನ್‌ನಲ್ಲಿ ಓದಿ ಹೇಳಿದೆ. ಬೈದಳು. ‘ನೀನು ಬ್ಯಾಂಕ್ ಯೂನಿಯನ್ ಭಾಷಣ ಮಾಡಬೇಡ. ನನಗೆ ಇಲ್ಲಿ ಸರಿಯಾಗಿದೆ’ ಅಂದಳು. ಸರಿಯಾಗಿಯೇ ಇದೆ, ಗೊತ್ತು. ಟುರ್ಕಾನಾ ಮಾತು ಸ್ವಲ್ಪ ಸ್ವಲ್ಪ ಬರುತ್ತಿದೆಯಂತೆ. ರಾತ್ರಿ ಸೆಕೆಗೆ ಅಂಗಳದಲ್ಲೇ ಮಂಚ ಹಾಕಿ ಮಲಗುತ್ತಾರಂತೆ, ಚೇಳು ಇದೆಯಾ ಅಂತ ಚಪ್ಪಲಿ ಕೊಡವಿ ಹಾಕಿಕೊಳ್ಳುತ್ತಾರಂತೆ. ಆದರೆ ಬೈದು ಮುಗಿಸಿದ ಮೇಲೆ ಅವಳೇ ಅಂದಳು, ‘ನೋಟ್‌ಬುಕ್ ವಿಷಯ ಬೇಕಾದರೆ ಬರಿ.’

ಬರೆದಿದ್ದೇನೆ. ನಾನು ಕೇಳುವುದು ಹೆಚ್ಚೇನಲ್ಲ. ಭಾಷೆ ಬದಲಾಗುವ ವರ್ಗಾವಣೆಯಾದರೆ ಮೊದಲ ಕೆಲವು ತಿಂಗಳು ಬರೀ ಭಾಷೆ ಕಲಿಯಲು ಬಿಡಿ. ಹೋಗುವವರು, ಬರುವವರು ಒಂದು ತಿಂಗಳಾದರೂ ಒಟ್ಟಿಗೆ ಇರಲಿ. ಒಟ್ಟಿಗೆ ಹಳ್ಳಿ ಸುತ್ತಲಿ, ಮನೆ ತೋರಿಸಿ ಕೊಡಲಿ. ಇದಕ್ಕೆ ತಗಲುವುದು ಒಂದು ಹೆಚ್ಚಿನ ಮಂಚ, ಒಂದು ತಿಂಗಳ ಊಟ.

ನಿಮ್ಮ ವರದಿಗಾರರಿಗೂ ಒಂದು ಮಾತು. ಮುಂದಿನ ಸಲ ಇಂಥ ಲೇಖನ ಮಾಡುವಾಗ ಹೊರಟವರನ್ನು ಮಾತ್ರ ಮಾತಾಡಿಸಬೇಡಿ. ಅವರ ಜಾಗಕ್ಕೆ ಬಂದವರನ್ನೂ ಹುಡುಕಿ ಮಾತಾಡಿಸಿ. ಬಂದ ದಿನ ನಿಮಗೆ ಯಾರು, ಏನು ಹೇಳಿಕೊಟ್ಟರು ಅಂತ ಕೇಳಿ. ಕಿಟಾಲೆ ಕಡೆಯ ಆ ಹೊಸ ಸಿಸ್ಟರ್ ನಂಬರ್ ಬೇಕಿದ್ದರೆ ಅಕ್ಕನಿಂದ ತರಿಸಿ ಕೊಡುತ್ತೇನೆ. ಮೊದಲು ಅವರ ಒಪ್ಪಿಗೆ ಕೇಳಬೇಕು.

ಇತಿ,
ನಿಮ್ಮ ಹಳೆಯ ಓದುಗ, ನಿವೃತ್ತ ಬ್ಯಾಂಕ್ ನೌಕರ