ದಿನಕರ ದೇಸಾಯಿಯವರ ದಿಲ್ಲಿಯ ವರ್ಷಗಳು ಪುಸ್ತಕವಾದ ಹೊತ್ತಿನಲ್ಲಿ

ದಿನಕರ ದೇಸಾಯಿಯವರು ಲೋಕಸಭೆಯಲ್ಲಿ ಕಳೆದ ವರ್ಷಗಳನ್ನು ಕುರಿತ ನನ್ನ ಪುಸ್ತಕ ಕಳೆದ ಭಾನುವಾರ ಅಂಕೋಲೆಯಲ್ಲಿ ಬಿಡುಗಡೆಯಾಯಿತು. ವೇದಿಕೆಯ ಮೇಲೆ ನೆನೆಯಬೇಕಾದವರನ್ನೆಲ್ಲ ನೆನೆಯಲು ಸಮಯ ಸಾಲಲಿಲ್ಲ. ಅವರಲ್ಲಿ ಹಲವರಿಗೆ ತಮ್ಮ ಹೆಸರು ಅಚ್ಚಾಗುವುದು ಇಷ್ಟವಿಲ್ಲ. ಆದ್ದರಿಂದ ಹೆಸರುಗಳನ್ನು ಬಿಟ್ಟು, ಅವರಿಂದಾದ ಉಪಕಾರವನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಕನ್ನಡ ನಾಡು ದೇಸಾಯಿಯವರನ್ನು ಚುಟುಕುಗಳ ಕವಿಯೆಂದು ಬಲ್ಲದು. ನಮ್ಮ ಉತ್ತರ ಕನ್ನಡ ಜಿಲ್ಲೆ ಅವರನ್ನು ಗೇಣಿದಾರರನ್ನು ಒಗ್ಗೂಡಿಸಿ ಬ್ರಿಟಿಷ್ ಸರ್ಕಾರದಿಂದ ಗಡಿಪಾರಾದ ರೈತ ನಾಯಕರೆಂದೂ, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳ ಮಕ್ಕಳಿಗೆ ಹೈಸ್ಕೂಲು ತಂದುಕೊಟ್ಟವರೆಂದೂ ಬಲ್ಲದು. ಆದರೆ 1967ರಲ್ಲಿ ಅವರು ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದು ಲೋಕಸಭೆಗೆ ಹೋದದ್ದು ಹೆಚ್ಚಿನ ಬರಹಗಳಲ್ಲಿ ಒಂದು ಸಾಲಿಗೆ ಮುಗಿಯುತ್ತದೆ. ಅದಕ್ಕೂ ಮೊದಲಿನ ಮೂರು ಚುನಾವಣೆಗಳಲ್ಲಿ ಅಲ್ಲಿಂದ ಗೆದ್ದಿದ್ದವರು ಕಾಂಗ್ರೆಸ್ಸಿನ ಜೋಕಿಂ ಆಳ್ವರು. ಅಂಥ ಕಡೆ ಯಾವ ಪಕ್ಷದ ಬೆಂಬಲವೂ ಇಲ್ಲದವರೊಬ್ಬರು ಹೇಗೆ ಗೆದ್ದರು, ಗೆದ್ದು ಹೋದ ಮೇಲೆ ಸದನದಲ್ಲಿ ಅವರ ಪಾಡೇನಾಗಿತ್ತು ಎಂಬ ಎರಡು ಪ್ರಶ್ನೆಗಳಿಂದ ನನ್ನ ಕೆಲಸ ಶುರುವಾಯಿತು.

2019ರ ಆಗಸ್ಟ್‌ನಲ್ಲಿ ಆ ಕೆಲಸ ಅಲ್ಲಿಗೇ ಮುಗಿಯಿತೆಂದುಕೊಂಡಿದ್ದೆ. ಗಂಗಾವಳಿ ಉಕ್ಕಿ ಮನೆಯೊಳಗೆ ಸೊಂಟದ ಮಟ್ಟಕ್ಕೆ ನೀರು ಬಂದಾಗ ನಾವು ಜೀವ ಉಳಿಸಿಕೊಂಡು ಹೊರಟೆವು. ಆರು ವರ್ಷಗಳ ಟಿಪ್ಪಣಿಗಳಿದ್ದ ಟ್ರಂಕು ಒಳಗೇ ಉಳಿಯಿತು. ನೀರಿಳಿದು ಮರಳಿ ಬಂದಾಗ ನೋಟುಪುಸ್ತಕಗಳು ಕೆಸರಿನಲ್ಲಿ ನೆನೆದು ಇಟ್ಟಿಗೆಯಂತಾಗಿದ್ದವು. ಪಕ್ಕದ ಮೀನುಗಾರರ ಮನೆಯ ಅಕ್ಕ, ತಮ್ಮ ಮನೆಯೂ ಅದೇ ಸ್ಥಿತಿಯಲ್ಲಿದ್ದಾಗ, ತಮ್ಮ ಇಬ್ಬರು ಗಂಡುಮಕ್ಕಳನ್ನು ಕರೆತಂದು ಜಗಲಿಯ ಕಂಬದಿಂದ ಕಂಬಕ್ಕೆ ಬಲೆಯ ಹಗ್ಗ ಕಟ್ಟಿಸಿದರು. ಒಂದೊಂದೇ ಹಾಳೆಯನ್ನು ಬೆರಳ ತುದಿಯಿಂದ ಬಿಡಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ, ಹನ್ನೊಂದು ದಿನ ಗಾಳಿಗೆ ಹಿಡಿದರು. ಶಾಯಿಯಲ್ಲಿ ಬರೆದದ್ದು ತೊಳೆದುಹೋಗಿತ್ತು, ಪೆನ್ಸಿಲಿನಲ್ಲಿ ಬರೆದದ್ದು ಉಳಿದಿತ್ತು. ಈ ಪುಸ್ತಕದ ಎರಡು ಮತ್ತು ಮೂರನೆಯ ಅಧ್ಯಾಯಗಳು ನಿಂತಿರುವುದು ಆ ಪೆನ್ಸಿಲ್ ಬರಹದ ಮೇಲೆ. ಅಕ್ಕಾ, ನಿಮ್ಮ ಅಂಗಳದ ಕೆಸರು ತೆಗೆಯುವ ಮೊದಲು ನನ್ನ ಹಾಳೆಗಳನ್ನು ಒಣಗಿಸಿದಿರಿ. ಈ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ.

ಕಳೆದುಹೋದದ್ದನ್ನು ಮತ್ತೆ ದೊರಕಿಸಿಕೊಟ್ಟವಳು ದಿಲ್ಲಿಯಲ್ಲಿ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿ. ಲೋಕಸಭೆಯ ಚರ್ಚೆಗಳ ಹಳೆಯ ಸಂಪುಟಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿವೆ ಎಂದು ತಿಳಿಸಿದ್ದಲ್ಲದೆ, ಮೊಬೈಲಿನ ಪುಟ್ಟ ಪರದೆಯಲ್ಲಿ ಓದಲಾರದ ನನಗಾಗಿ ನೂರಾರು ಪುಟಗಳನ್ನು ದೊಡ್ಡದಾಗಿ ಮುದ್ರಿಸಿ ಅಂಚೆಯಲ್ಲಿ ಕಳುಹಿಸಿದಳು. ಅವನ್ನು ಓದುವಾಗ ಮನಸ್ಸಿಗೆ ನಾಟಿದ್ದು ಪಕ್ಷೇತರ ಸದಸ್ಯನ ಒಂಟಿತನ. ಸದನದಲ್ಲಿ ಮಾತಿನ ಸಮಯ ಪಕ್ಷದ ಬಲಕ್ಕೆ ತಕ್ಕಂತೆ ಹಂಚಿಕೆಯಾಗುವುದರಿಂದ, ಒಬ್ಬರೇ ಇದ್ದವರು ಕೆಲವೇ ನಿಮಿಷಗಳಿಗಾಗಿ ಕಾದು ಕುಳಿತಿರಬೇಕು. ಆ ಕಾಲವೂ ಸಾಮಾನ್ಯವಾದದ್ದಲ್ಲ: ಕಾರವಾರವನ್ನೂ ಮಹಾರಾಷ್ಟ್ರ ಕೇಳುತ್ತಿದ್ದಾಗ ಗಡಿ ವಿವಾದ ಕುರಿತ ಮಹಾಜನ್ ಆಯೋಗದ ವರದಿ ಬಂದದ್ದು 1967ರಲ್ಲಿ, ಬ್ಯಾಂಕುಗಳ ರಾಷ್ಟ್ರೀಕರಣವಾದದ್ದು 1969ರಲ್ಲಿ. 1970ರ ಡಿಸೆಂಬರ್ 27ರಂದು ಸದನವೇ ಅವಧಿಗೆ ಮೊದಲು ವಿಸರ್ಜನೆಯಾಯಿತು. ದೇಸಾಯಿಯವರಿಗೆ ಐದು ವರ್ಷ ಪೂರ್ತಿ ಸಿಗಲೇ ಇಲ್ಲ ಎಂಬುದನ್ನು, ಅವರು ಒಂದೇ ಅವಧಿಯವರೆಂದು ಹಗುರವಾಗಿ ಹೇಳುವವರು ಗಮನಿಸಬೇಕೆಂದು ನನ್ನ ವಿನಂತಿ.

ಗೆಲುವು ಹೇಗಾಯಿತೆಂಬ ಪ್ರಶ್ನೆಗೆ ಕಡತಗಳಿಗಿಂತ ನೇರವಾದ ಉತ್ತರ ಕೊಟ್ಟವರು ಗದ್ದೆಯ ಅಂಚಿನ ಮನೆಯಲ್ಲಿರುವ ಹಾಲಕ್ಕಿ ಅಜ್ಜಿ. ಆ ವರ್ಷ ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೇ ಮತದಾನ ನಡೆದಿತ್ತು. ಕೈಗೆ ಎರಡು ಚೀಟಿ ಕೊಟ್ಟಿದ್ದರೆಂಬುದು ಅವರಿಗೆ ಇಂದಿಗೂ ನೆನಪಿದೆ. ಒಂದನ್ನು ಗಂಡ ಹೇಳಿದಂತೆ ಒತ್ತಿದರಂತೆ. ಇನ್ನೊಂದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲವಂತೆ, ಏಕೆಂದರೆ ಧಣಿಯ ಅಂಗಳದಲ್ಲಿ ಭತ್ತ ಅಳೆಯುವಾಗ ತನ್ನ ಅಪ್ಪ ಮೊದಲ ಸಲ ತಲೆಯೆತ್ತಿ ಮಾತಾಡಿದ್ದು ದೇಸಾಯಿಯವರ ರೈತಕೂಟಕ್ಕೆ ಹೋಗಿಬಂದ ಮೇಲೆ. ಅಜ್ಜಿ ಇದನ್ನು ಹೇಳುವಾಗ ಮುಷ್ಟಿಯಲ್ಲಿ ಗಾಳಿಯನ್ನೇ ಹಿಡಿದು ಕೊಳಗದ ಬಾಯಿ ಸವರಿ ತೋರಿಸಿದರು. ಅಂದಿನಿಂದ ನನಗೆ ಆ ಚುನಾವಣೆ 1967ರಲ್ಲಿ ನಡೆದದ್ದೆಂದು ಅನ್ನಿಸುವುದಿಲ್ಲ. ಅದಕ್ಕಿಂತ ಇಪ್ಪತ್ತೈದು ವರ್ಷ ಹಿಂದೆಯೇ ನಡೆದುಹೋಗಿತ್ತು ಅನ್ನಿಸುತ್ತದೆ.

ದೇಸಾಯಿಯವರ 'ಜನಸೇವಕ' ವಾರಪತ್ರಿಕೆಯ ಹಳೆಯ ಕಟ್ಟುಗಳನ್ನು ಅಟ್ಟದ ಮೇಲೆ ಬೇವಿನೆಲೆ ಹಾಕಿ ಕಾಪಾಡಿಕೊಂಡು ಬಂದ ಮನೆಯವರಿಗೆ, ಕರಡನ್ನು ಮೂರು ಬಾರಿ ತಿದ್ದಿದ ಹಿರಿಯ ಸಹೋದ್ಯೋಗಿಗಳಿಗೆ, ಕಣ್ಣಿನ ಶಸ್ತ್ರಚಿಕಿತ್ಸೆಯ ತಿಂಗಳಲ್ಲಿ ನಾನು ಹೇಳಿದ್ದನ್ನು ಬೇಸರವಿಲ್ಲದೆ ಬರೆದುಕೊಂಡ ನನ್ನ ಸೊಸೆಗೆ ನಾನು ಕೃತಜ್ಞತೆ ಸಲ್ಲಿಸುತ್ತೇನೆ.

ಮೊದಲ ಪ್ರತಿಯನ್ನು ಅಜ್ಜಿಯ ಕೈಗೆ ಕೊಟ್ಟಿದ್ದೇನೆ. ಅವರಿಗೆ ಓದಲು ಬಾರದು. ಅವರ ಮೊಮ್ಮಗಳು, 1966ರಲ್ಲಿ ಗೋಖಲೆಯವರ ಜನ್ಮಶತಮಾನೋತ್ಸವದ ನೆನಪಿಗೆ ದೇಸಾಯಿಯವರು ಅಂಕೋಲೆಯಲ್ಲಿ ತೆರೆದ ಕಾಲೇಜಿನಲ್ಲೇ ಬಿ.ಎ. ಓದುತ್ತಿರುವವಳು, ದಿನಕ್ಕೆರಡು ಪುಟ ಓದಿ ಹೇಳುತ್ತಿದ್ದಾಳೆ. ನಿನ್ನೆ ಫೋನು ಮಾಡಿ, ಕೊಳಗದ ಅಳತೆಯನ್ನು ನಾನು ತಪ್ಪಾಗಿ ಬರೆದಿದ್ದೇನೆಂದು ಅಜ್ಜಿ ಹೇಳಿದರು. ಮುಂದಿನ ಮುದ್ರಣದಲ್ಲಿ ತಿದ್ದುತ್ತೇನೆ.