ಚುಚ್ಚುಮದ್ದಿನ ಮರಣದಂಡನೆ ಬೇಡ: ಕೇಂದ್ರ ಕಾನೂನು ಸಚಿವರಿಗೆ ಅರಿವಳಿಕೆ ವೈದ್ಯರ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಗಲ್ಲಿನ ಬದಲು ಚುಚ್ಚುಮದ್ದಿನಂಥ ದಾರಿ ಬರಲಿ ಎಂಬ ಅರ್ಜಿ 2017ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಸರ್ಕಾರ ವಿರೋಧಿಸಿತು. ನಾವು ಗಲ್ಲಿನ ಪರ ವಕಾಲತ್ತು ವಹಿಸುವವರಲ್ಲ. ಆದರೂ ಚುಚ್ಚುಮದ್ದಿನ ವಿಷಯದಲ್ಲಿ ಆ ನಿಲುವು ಸಡಿಲವಾಗಬಾರದು. ಅದಕ್ಕೆ ಬಳಸುವುದೆಲ್ಲ ನಾವು ಆಪರೇಷನ್ ಥಿಯೇಟರಿನಲ್ಲಿ ಕೊಡುವ ಔಷಧಿಗಳೇ.

1982ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯ ಶುರುಮಾಡಿದ ಕ್ರಮ ಹೀಗೆ: ಪ್ರಜ್ಞೆ ತಪ್ಪಿಸಲು ಥಯೋಪೆಂಟೋನ್, ಸ್ನಾಯುಗಳನ್ನು ನಿಶ್ಚಲಗೊಳಿಸಲು ಪ್ಯಾಂಕ್ಯುರೋನಿಯಂ, ಹೃದಯ ನಿಲ್ಲಿಸಲು ಪೊಟ್ಯಾಸಿಯಂ ಕ್ಲೋರೈಡ್. ಮೊದಲನೆಯದು ಕೈಕೊಟ್ಟರೆ ಎಚ್ಚರವಿರುವಾಗಲೇ ಉಸಿರುಗಟ್ಟುತ್ತದೆ, ಪೊಟ್ಯಾಸಿಯಂ ರಕ್ತನಾಳದುದ್ದಕ್ಕೂ ಸುಡುತ್ತದೆ. ರೆಪ್ಪೆ ಅಲುಗಿಸಲೂ ಆಗದ್ದರಿಂದ ನೋಡುವವರಿಗೆ ಮುಖ ಶಾಂತವಾಗಿಯೇ ಕಾಣುತ್ತದೆ. ಥಯೋಪೆಂಟೋನ್ ತೀವ್ರ ಕ್ಷಾರ. ನಡುವೆ ಸಲೈನ್ ಹರಿಸಿ ನಳಿಕೆ ತೊಳೆಯದೆ ಮುಂದಿನ ಔಷಧಿ ಬಿಟ್ಟರೆ ಎರಡೂ ಸೇರಿ ಗಷ್ಟು ಕಟ್ಟುತ್ತದೆ, ನಳಿಕೆಯೇ ಮುಚ್ಚಿಹೋಗಬಹುದು.

2011ರಲ್ಲಿ ಅಮೆರಿಕದ ಔಷಧಿ ಕಂಪನಿ ಹೊಸ್ಪಿರಾ ಥಯೋಪೆಂಟೋನ್ ತಯಾರಿಕೆ ಕೈಬಿಟ್ಟಿತು, ಯುರೋಪ್ ರಫ್ತಿಗೆ ಕಡಿವಾಣ ಹಾಕಿತು. ಅಮೆರಿಕದ ಜೈಲುಗಳು ಈ ಔಷಧಿಗಾಗಿ ನಮ್ಮ ದೇಶದತ್ತ ತಿರುಗಿದವು. 2015ರಲ್ಲಿ ನೆಬ್ರಾಸ್ಕ ರಾಜ್ಯ ಭಾರತದ ಮಧ್ಯವರ್ತಿಯೊಬ್ಬನಿಗೆ 54,400 ಡಾಲರ್ ಕೊಟ್ಟಿತು. ಸರಕು ಕೈಸೇರಲೇ ಇಲ್ಲ.

ಓಕ್ಲಹೋಮ ರಾಜ್ಯ ಥಯೋಪೆಂಟೋನ್ ಬದಲು ಮಿಡಜೋಲಂ ಎಂಬ ಮಂಪರಿನ ಔಷಧಿ ಹಿಡಿಯಿತು. 2014ರ ಏಪ್ರಿಲ್ 29ರಂದು ಕ್ಲೇಟನ್ ಲಾಕೆಟ್ ಎಂಬ ಕೈದಿಗೆ ಕೈಕಾಲುಗಳಲ್ಲಿ ನರ ಸಿಗದೆ ತೊಡೆಸಂದಿಗೆ ಸೂಜಿ ಹಾಕಿ, ಮೇಲೆ ಬಟ್ಟೆ ಹೊದಿಸಿದರು. ಔಷಧಿ ನರದೊಳಗೆ ಹೋಗದೆ ಮಾಂಸದಲ್ಲಿ ಸೇರಿಕೊಂಡಿತು. ಬಟ್ಟೆಯ ಕೆಳಗಿನ ಊತ ಯಾರಿಗೂ ಕಾಣಲಿಲ್ಲ. ಪ್ರಜ್ಞೆ ತಪ್ಪಿದೆ ಎಂದು ಘೋಷಿಸಿದ ಮೇಲೂ ಆತ ನರಳಿದ, ತಲೆಯೆತ್ತಿ ಮಾತಾಡಿದ. ಪ್ರಾಣ ಹೋಗಲು 43 ನಿಮಿಷ ಬೇಕಾಯಿತು. ಡ್ರಿಪ್ ಹಾಕಿದ ಜಾಗವನ್ನು ಮುಚ್ಚಬಾರದು ಎಂಬುದು ನಮ್ಮಲ್ಲಿ ಹೊಸ ವಿದ್ಯಾರ್ಥಿಗೂ ಗೊತ್ತಿರುವ ಪಾಠ.

ಆಮೇಲೆ ಮಿಡಜೋಲಂ ಪ್ರಮಾಣವನ್ನು 500 ಮಿಲಿಗ್ರಾಂಗೆ ಏರಿಸಿದರು. ರೋಗಿಯ ಗಾಬರಿ ತಗ್ಗಿಸಲು ನಾವು ಕೊಡುವುದು ಒಂದೆರಡು ಮಿಲಿಗ್ರಾಂ. ಮಿಡಜೋಲಂಗೆ ನೋವು ತಡೆಯುವ ಗುಣವಿಲ್ಲ. ಒಂದು ಮಟ್ಟ ದಾಟಿದ ಮೇಲೆ ಎಷ್ಟು ಸುರಿದರೂ ಮಂಪರು ಆಳವಾಗದು. ಅಮೆರಿಕದ ಸುಪ್ರೀಂ ಕೋರ್ಟ್ 2015ರಲ್ಲಿ 5-4 ಬಹುಮತದಿಂದ ದಂಡನೆಗೆ ಇದರ ಬಳಕೆಯನ್ನು ಒಪ್ಪಿತು. ಕೋರ್ಟು ಒಪ್ಪಿದ ಮಾತ್ರಕ್ಕೆ ಔಷಧಿಯ ಗುಣ ಬದಲಾಗುವುದಿಲ್ಲ. ಅದೇ ವರ್ಷದ ಜನವರಿಯಲ್ಲಿ ಓಕ್ಲಹೋಮದ ಇನ್ನೊಬ್ಬ ಕೈದಿಗೆ ಪೊಟ್ಯಾಸಿಯಂ ಕ್ಲೋರೈಡ್ ಬದಲು ಪೊಟ್ಯಾಸಿಯಂ ಅಸಿಟೇಟ್ ಹೋಗಿತ್ತು. ಸಿರಿಂಜಿನ ಮೇಲಿದ್ದ ಚೀಟಿ ಮಾತ್ರ ಕ್ಲೋರೈಡ್‌ನದು. ಸಂಗತಿ ಹೊರಬರಲು ತಿಂಗಳುಗಳೇ ಹಿಡಿದವು.

ರೋಗಿಗಳಿಗೂ ಇದರ ಬಿಸಿ ತಟ್ಟುತ್ತದೆ. 2013ರಲ್ಲಿ ಮಿಸೌರಿ ರಾಜ್ಯ ದಂಡನೆಗೆ ಪ್ರೊಪೋಫಾಲ್ ಎಂಬ ಅರಿವಳಿಕೆ ಔಷಧಿ ಬಳಸಲು ಹೊರಟಾಗ, ಯುರೋಪಿನಿಂದ ಬರುವ ಪೂರೈಕೆಯೇ ನಿಂತು ಅಮೆರಿಕದ ಶಸ್ತ್ರಚಿಕಿತ್ಸೆಗಳಿಗೆ ಕೊರತೆಯಾಗುವ ಭೀತಿ ಎದ್ದಿತು. ರಾಜ್ಯಪಾಲರು ದಂಡನೆಯನ್ನು ಮುಂದೂಡಿದರು.

ಇನ್ನು, ಸೂಜಿ ಚುಚ್ಚುವವರು ಯಾರು? ವೈದ್ಯರಿಗೆ ವೃತ್ತಿಧರ್ಮ ಅಡ್ಡ ಬರುತ್ತದೆ. ಅನುಭವವಿಲ್ಲದವರ ಕೈಗೆ ಕೊಟ್ಟರೆ ಲಾಕೆಟ್‌ಗೆ ಆದದ್ದೇ ಇಲ್ಲೂ ಆದೀತು.

ಆದ್ದರಿಂದ ಗಲ್ಲಿನ ವಿಧಾನವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 393(5)ನೇ ಕಲಮಿಗೆ ಚುಚ್ಚುಮದ್ದನ್ನು ಸೇರಿಸಬೇಡಿ. ಸಮಿತಿ ರಚಿಸುವುದೇ ಆದರೆ ಅದರಲ್ಲಿ ಅರಿವಳಿಕೆ ತಜ್ಞರಿರಲಿ, ಓಕ್ಲಹೋಮದ ತನಿಖಾ ವರದಿ ಮೊದಲ ಸಭೆಯಲ್ಲೇ ಮೇಜಿನ ಮೇಲಿರಲಿ.

ಇತಿ,
ಅರಿವಳಿಕೆ ವೈದ್ಯರು